ಮೂಗಮ್ಮನ ವರ್ಮೂತ್

೬ ಮಾರ್ಚ್

ಅಮ್ಮನಿಗೆ,

ನನ್ನ ಕೈಬರಹ ಕಂಡು ನೀನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀಯ. ಫೋನ್ ಮಾಡಿದರೆ ನಾನೊಂದು ಹೇಳುವಷ್ಟರಲ್ಲಿ ನೀನೊಂದು ಹೇಳಿ, ಕೊನೆಗೆ ಯಾರಾದರೊಬ್ಬರು ಫೋನ್ ಕುಕ್ಕುವುದು ತಪ್ಪಿದ್ದಲ್ಲ. ಕಾಗದದಲ್ಲಾದರೆ ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕಾರ್ಖಾನೆಯ ಹೊಸ ಕೆಂಪು ವರ್ಮೂತ್ ಕಳೆದ ವಾರ ನಮ್ಮ ಬಾರಿಗೆ ಬಂತು. ನಿನ್ನ ಮೇಲೆ ಎಷ್ಟೇ ಮುನಿಸಿದ್ದರೂ ನಾನು ಬೇರೆಯವರ ವರ್ಮೂತ್ ಇಟ್ಟವಳಲ್ಲ. ಆದರೆ ಈ ಸಲದ್ದು ಕಹಿ, ಅಮ್ಮ. ಕಹಿ ಇರಬೇಕಾದ್ದೇ, ಗೊತ್ತು. ಇದು ಆ ಕಹಿಯಲ್ಲ. ವಿಸ್ಕಿಯ ಜತೆ ಬೆರೆಸಿದರೆ ವಿಸ್ಕಿಯ ಕುತ್ತಿಗೆ ಹಿಡಿಯುತ್ತದೆ. ದಿನಾ ಸಂಜೆ ಬಂದು ಬರೀ ವರ್ಮೂತನ್ನೇ ಐಸಿನ ಮೇಲೆ ಸುರಿಸಿಕೊಂಡು ಒಂದು ಗಂಟೆ ಗುಟುಕರಿಸುವ ಪಿಯಾನೊ ರಿಪೇರಿಯವರು ಲೋಟವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. "ಇದು ಔಷಧಿ ಕಣಮ್ಮ. ಡಾಕ್ಟರ ಚೀಟಿ ಇಲ್ದೆ ಹೇಗೆ ಕೊಡ್ತೀಯ?" ಅಂದರು. ಆಗ ನಗು ಬಂತು. ಆಮೇಲೆ ಬರಲಿಲ್ಲ.

ಕಹಿಸೊಪ್ಪು ಬೇರೆ ಕಡೆಯಿಂದ ತರಿಸಿದಿರಾ? ಅಥವಾ ಉಸಿರಾಡುವುದಕ್ಕೆ ಮಾತ್ರ ಲಾಯಕ್ಕು ಅಂತ ನೀನು ಅವತ್ತು ಕಾರ್ಖಾನೆಯ ರುಚಿಕೋಣೆಯಲ್ಲಿ ಎಲ್ಲರ ಮುಂದೆ ಹೇಳಿದ ನನ್ನ ಮೂಗಿಗೇ ಹಾಗನ್ನಿಸುತ್ತಿದೆಯಾ?

ಹುಷಾರಾಗಿದ್ದೀಯ ಅಂದುಕೊಂಡಿದ್ದೇನೆ.

ಮಗಳು


೧೫ ಮಾರ್ಚ್

ಸಣ್ಣಿಗೆ,

ಎರಡು ವರ್ಷದ ಮೇಲೆ ಬಂದ ಕಾಗದ ದೂರು ಹೊತ್ತುಕೊಂಡು ಬಂತು. ಸಂತೋಷ.

ಪಾಕ ಬದಲಾಗಿಲ್ಲ. ಸೊಪ್ಪು ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಕೊನೆಯ ಹದ ಯಾವಾಗಲೂ ನನ್ನ ಮೂಗಿನದೇ. ಈ ಸಲವೂ ನಾನೇ ಹದ ಮಾಡಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ಬಾಟಲಿ ಎಲ್ಲಿಟ್ಟಿದ್ದೀಯ ಹೇಳು. ವರ್ಮೂತ್ ಅಂದರೆ ವೈನೇ ಕಣೇ. ಸೊಪ್ಪು, ಬೇರು, ಸಿಪ್ಪೆ ನೆನೆಸಿ, ಸಕ್ಕರೆ ಹಾಕಿ, ಒಂದಿಷ್ಟು ಗಟ್ಟಿ ಸಾರಾಯಿಯ ಆಸರೆ ಕೊಟ್ಟ ವೈನ್. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಡದೆ ವಿಸ್ಕಿಯ ಜತೆ ದೀಪದ ಕೆಳಗೆ ಶೋಕಿಗೆ ನಿಲ್ಲಿಸಿದರೆ ಅದೂ ಕೆಡುತ್ತದೆ, ಇಟ್ಟವರ ಹೆಸರೂ ಕೆಡುತ್ತದೆ.

ರುಚಿ ನೋಡುವ ಕ್ರಮವನ್ನೂ ಮರೆತಿರಬೇಕು. ಮೊದಲೇ ಐಸ್ ಹಾಕಬೇಡ, ಚಳಿಯಲ್ಲಿ ಎಲ್ಲರೂ ಸಾಧುಗಳೇ. ಸಣ್ಣ ಗ್ಲಾಸಿಗೆ ಹಾಗೇ ಸುರಿ. ಬಿಳಿ ಬಟ್ಟೆಯೆದುರು ಬಣ್ಣ ನೋಡು. ಮೂಗಿಗೆ ಹಿಡಿ, ಬಸ್ಸು ತಪ್ಪಿಹೋಗುತ್ತದೆ ಅನ್ನುವವಳ ಹಾಗೆ ಅವಸರಪಡಬೇಡ. ನಾಲಿಗೆಯ ಮೇಲೆ ಸಿಹಿ ಮೊದಲು ಬಂದು ಬಾಗಿಲು ತೆರೆಯಬೇಕು. ಮಸಾಲೆ ಒಳಗೆ ಬಂದು ಕೂರಬೇಕು. ಕಹಿ ಕೊನೆಗೆ ಬರಬೇಕು, ಬಂದು ಸ್ವಲ್ಪ ಹೊತ್ತು ಇರಬೇಕು, ಆದರೆ ಇದ್ದವರನ್ನೆಲ್ಲ ಓಡಿಸಬಾರದು. ಉಗುಳಿದ ಮೇಲೆ ಸುಮ್ಮನೆ ಕಾಯಿ, ಬಾಯಲ್ಲಿ ಉಳಿದದ್ದೇ ನಿಜ. ಆಮೇಲೆ ಐಸ್. ಕಾಕ್‌ಟೇಲು ಎಲ್ಲಕ್ಕೂ ಕೊನೆಗೆ. ಇದನ್ನೆಲ್ಲ ಹೇಳಿಕೊಟ್ಟಿದ್ದು ನಿನಗೋ ಗೋಡೆಗೋ?

ಬೇರೆ ಬಾರುಗಳಿಂದಲೂ ಬಾಟಲಿಗಳು ವಾಪಸು ಬಂದಿವೆಯಂತೆ. ಪೀಪಾಯಿಗಳನ್ನು ಮೇಸ್ತ್ರಿ ಸರಿಯಾಗಿ ತೊಳೆದಿಲ್ಲ ಅಂತ ಕಾರ್ಖಾನೆಯ ಯಜಮಾನರು ಕೂಗಾಡುತ್ತಿದ್ದಾರೆ. ಇದ್ದರೂ ಇರಬಹುದು.

ಅಮ್ಮ


೨೩ ಮಾರ್ಚ್

ಅಮ್ಮನಿಗೆ,

ಬಾಟಲಿ ಫ್ರಿಜ್ಜಿನಲ್ಲೇ ಇತ್ತು. ಗೋಡೆಗೆ ಹೇಳಿಕೊಟ್ಟಿರಲಿಲ್ಲ ನೀನು.

ಹೋದ ವರ್ಷದ್ದೊಂದು ಮುಚ್ಚಳ ತೆಗೆಯದ ಬಾಟಲಿ ಉಗ್ರಾಣದಲ್ಲಿ ಸಿಕ್ಕಿತು. ಮಧ್ಯಾಹ್ನ ಬಾರ್ ತೆರೆಯುವ ಮೊದಲು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಸುರಿಸಿದೆ. ಯಾವುದು ಯಾವುದು ಅಂತ ನನಗೆ ತಿಳಿಯದ ಹಾಗೆ ನನ್ನ ಪಾಲುದಾರ ಅದಲು ಬದಲು ಮಾಡಿಟ್ಟ. ಅವನನ್ನು ನೀನು ನೋಡಿಲ್ಲ. ಯಾವಾಗಲೂ ಹುಳಿ ಕಚ್ಚಿದ ಮುಖ, ಅದಕ್ಕೇ ಎಲ್ಲರೂ ನಿಂಬೆ ಅನ್ನುತ್ತಾರೆ. ಮನಸ್ಸು ಮಾತ್ರ ಸಕ್ಕರೆ.

ಮೂಗಿಗೆ ಹಿಡಿದ ಕೂಡಲೇ ಗೊತ್ತಾಯಿತು. ಹಳೆಯದರಲ್ಲಿ ಆಗತಾನೇ ಸುಲಿದ ಕಿತ್ತಳೆ ಇದೆ, ಅದರ ಹಿಂದೆ ವೆನಿಲ್ಲಾ ನಾಚಿಕೊಂಡು ನಿಂತಿದೆ, ಕಹಿ ದೂರದಲ್ಲಿ ಯಾರೋ ಬಾಗಿಲು ಹಾಕಿದ ಸದ್ದಿನಷ್ಟು. ಹೊಸದರಲ್ಲಿ ಕಿತ್ತಳೆ ಇಲ್ಲವೇ ಇಲ್ಲ. ಲವಂಗ ಹಲ್ಲುನೋವಿನವರ ಬಾಯಿಯ ಹಾಗೆ. ಸಿಹಿ ಬರುವ ಮೊದಲೇ ಕಹಿ ಬಂದು ಕೂತಿದೆ, ಉಗುಳಿ ನೀರು ಕುಡಿದರೂ ಏಳಲಿಲ್ಲ.

ಇದು ಪೀಪಾಯಿಯ ತಪ್ಪಲ್ಲ, ಅಮ್ಮ. ತೊಳೆಯದ ಪೀಪಾಯಿ ಹುಳಿ ಕೊಡುತ್ತದೆ, ಮುಗ್ಗಲು ಕೊಡುತ್ತದೆ. ತಾನಾಗಿ ಲವಂಗ ಸುರಿಯುವುದಿಲ್ಲ. ನೀನು ಮೂಗಿಗೆ ಹಿಡಿದು ಹೂಂ ಅಂದ ಮೇಲೆ ಇದು ಹೊರಗೆ ಬಂತು ಅಂದರೆ ನಂಬಲು ಆಗುತ್ತಿಲ್ಲ. ನೆಗಡಿ ಏನಾದರೂ ಆಗಿತ್ತಾ?

ಮಗಳು


೨೭ ಏಪ್ರಿಲ್

ಸಣ್ಣಿಗೆ,

ನಿನ್ನ ಕಾಗದ ಓದಿ ಮಡಿಚಿಟ್ಟೆ. ತೆಗೆದು ಮತ್ತೆ ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಬರೀ ಸಿಟ್ಟೇ ಬರುತ್ತಿತ್ತು, ಅದಕ್ಕೆ ತಡವಾಯಿತು.

ನೆಗಡಿಯಲ್ಲ. ನನಗೆ ವಾಸನೆ ಹೋಗಿದೆ.

ಯಾವತ್ತು ಹೋಯಿತೋ ತಿಳಿಯದು. ನಯವಾದ ಕಳ್ಳ ದಿನಕ್ಕೊಂದು ಸಾಮಾನು ಒಯ್ದ ಹಾಗೆ ಹೋಗಿದೆ. ಚಳಿಗಾಲದಲ್ಲಿ ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಚುತ್ತಿದ್ದೆ. ಮೇಲಿನ ಮನೆಯಾಕೆ ಬಂದು ಬಾಗಿಲು ಬಡಿದಳು. "ಏನ್ರೀ, ಮೆಟ್ಟಿಲ ತನಕ ಸೀದ ವಾಸನೆ ಬಂದಿದೆ, ನಿಮಗೆ ಗೊತ್ತೇ ಆಗ್ಲಿಲ್ವಾ?" ಪಾತ್ರೆ ಇದ್ದಿಲಾಗಿತ್ತು. ನೆಗಡಿ ಅಂದೆ. ಅವತ್ತಿನಿಂದ ಎಲ್ಲರಿಗೂ ಅದೇ ನೆಗಡಿ.

ಕಾರ್ಖಾನೆಯಲ್ಲಿ ನನ್ನನ್ನು ಮೂಗಮ್ಮ ಅನ್ನುತ್ತಾರಲ್ಲ, ಆ ಮೂಗಮ್ಮ ಇಷ್ಟು ದಿನ ನೀರು ಮೂಸುತ್ತಾ ಕೂತಿದ್ದಾಳೆ. ಗ್ಲಾಸು ಎತ್ತಿದರೆ ಏನೂ ಇಲ್ಲ. ಲವಂಗದ ರಸ ಇನ್ನಷ್ಟು ಹಾಕುವುದು, ಮೂಸುವುದು, ಆಗಲೂ ಇಲ್ಲ. ಕಹಿಸೊಪ್ಪಿನದು ಇನ್ನಷ್ಟು. ನಾಲಿಗೆಗೆ ಸಿಹಿ ಕಹಿ ಬಿಟ್ಟರೆ ಬೇರೇನೂ ತಿಳಿಯುತ್ತಿಲ್ಲ. ಅದೂ ಮಸುಕು. ಹದ ಬಂತು ಅಂತ ಸುಮ್ಮನೆ ತಲೆಯಾಡಿಸಿದೆ. ನಾನು ತಲೆಯಾಡಿಸಿದರೆ ಯಾರೂ ಎರಡನೇ ಮಾತಾಡುವುದಿಲ್ಲ, ನಿನಗೆ ಗೊತ್ತಲ್ಲ.

ಮೊನ್ನೆ ನಿನ್ನ ಹಳೆಯ ಕೋಟು ಪೆಟ್ಟಿಗೆಯಿಂದ ತೆಗೆದು ಮುಖಕ್ಕೆ ಒತ್ತಿಕೊಂಡೆ. ಬಟ್ಟೆ, ಅಷ್ಟೇ.

ಹೊಸ ಹದಕ್ಕೆ ಮಾದರಿ ಮಾಡಬೇಕಾಗಿದೆ. ಸಣ್ಣ ಸೀಸೆಗಳಲ್ಲಿ ಕಳಿಸುತ್ತೇನೆ. ನೋಡಿ ಬರೆಯುತ್ತೀಯಾ? ಯಾರಿಗೂ ಹೇಳಬೇಡ.

ಅಮ್ಮ


೩ ಮೇ

ಅಮ್ಮ,

ಇವತ್ತೇ ಕಳಿಸು.

ನಿನ್ನ ಕಾಗದವನ್ನು ಗಲ್ಲಾದ ಹಿಂದೆ ನಿಂತೇ ಓದಿದೆ. ಪಿಯಾನೊ ರಿಪೇರಿಯವರು "ಏನಮ್ಮ, ಕಣ್ಣಿಗೆ ನಿಂಬೆ ರಸ ಸಿಡೀತಾ?" ಅಂದರು. ಹೌದು ಅಂದೆ.

ಎರಡು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಒಂದು, ಡಾಕ್ಟರ ಹತ್ತಿರ ಹೋಗು. ನಾಳೆ ನೋಡೋಣ ಅನ್ನಬೇಡ. ಇನ್ನೊಂದು, ಪೀಪಾಯಿ ಮೇಸ್ತ್ರಿ. ನಾನು ಚಿಕ್ಕವಳಿದ್ದಾಗ ಖಾಲಿ ಪೀಪಾಯಿಯೊಳಗೆ ನನ್ನನ್ನು ಕೂರಿಸಿ ಅಂಗಳದ ತುಂಬ ಉರುಳಿಸಿ ನಗಿಸುತ್ತಿದ್ದ ಮನುಷ್ಯ. ಅವರ ಕೆಲಸ ಹೋಗುವಂತಿದೆಯಾ? ನೀನು ಬರೆದಿಲ್ಲ. ನೀನು ಬರೆಯದೆ ಬಿಟ್ಟದ್ದೇ ನನಗೆ ಹೆದರಿಕೆ.

ಸಣ್ಣಿ


೧೮ ಮೇ

ಸಣ್ಣಿಗೆ,

ಮೂರು ಸೀಸೆ ಕಳಿಸಿದ್ದೇನೆ. ಕತ್ತಿಗೆ ಕೆಂಪು, ಬಿಳಿ, ನೀಲಿ ದಾರ ಕಟ್ಟಿದ್ದೇನೆ. ಯಾವುದರಲ್ಲಿ ಏನು ಹೆಚ್ಚು ಅಂತ ಹೇಳುವುದಿಲ್ಲ. ಮೊದಲೇ ಹೇಳಿದರೆ ಮೂಗು ಸುಳ್ಳು ಹೇಳಲು ಕಲಿಯುತ್ತದೆ.

ಮೇಸ್ತ್ರಿಯ ವಿಷಯ. ನಿನ್ನ ಕಾಗದ ಬಂದ ಮರುದಿನ ಯಜಮಾನರು ಅವನನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಈ ತಿಂಗಳಿಗೆ ನಿನ್ನ ಲೆಕ್ಕ ಮುಗೀತು ಅನ್ನುತ್ತಿದ್ದರು. ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡು, "ತೊಳ್ದಿದೀನಿ ಸ್ವಾಮಿ, ಬೇಕಾದ್ರೆ ಮೂಗಮ್ಮನ್ನೇ ಕೇಳಿ" ಅಂದ. ನನ್ನನ್ನೇ ಕೇಳಿ ಅಂದ. ನಾನು ಕಿಟಕಿಯಲ್ಲಿ ನಿಂತಿದ್ದೆ.

ಕೆಳಗೆ ಇಳಿದು ಹೋಗಿ ಹೇಳಿದೆ. "ಪೀಪಾಯಿ ಚೊಕ್ಕಟವಾಗೇ ಇತ್ತು. ಹದ ಕೆಡಿಸಿದ್ದು ನಾನು. ನನಗೆ ವಾಸನೆ ಬರ್ತಿಲ್ಲ."

ಯಜಮಾನರು ಜೇಬಿನಿಂದ ಕರವಸ್ತ್ರ ತೆಗೆದು, ಏನು ಒರೆಸಿಕೊಳ್ಳಬೇಕು ಅಂತ ತೋಚದೆ ಹಾಗೇ ಹಿಡಿದುಕೊಂಡಿದ್ದರು. ನೀನು ನೋಡುತ್ತೀಯ ಅಂತಲೂ ಹೇಳಿಬಿಟ್ಟೆ. "ಮಗಳು ನೋಡೋದಾದ್ರೆ ಈ ಹದ ಮುಗಿಯೋ ತನಕ ನೀವೇ ಇರಿ. ಆಮೇಲೆ ನೋಡೋಣ" ಅಂದರು. ಒಳ್ಳೆಯವರು.

ಮೇಸ್ತ್ರಿ ಮಾತ್ರ ಸಂಜೆ ಬಂದು ಬಾಗಿಲ ಹತ್ತಿರ ನಿಂತು ಅತ್ತ. ಕೆಲಸ ಉಳಿದದ್ದಕ್ಕಲ್ಲ. ನನಗೋಸ್ಕರ. ಅದು ನನಗೆ ಹಿಡಿಸಲಿಲ್ಲ, ಬೈದು ಕಳಿಸಿದೆ.

ಅಮ್ಮ


೨೬ ಮೇ

ಅಮ್ಮ,

ನೀನು ಇಳಿದು ಹೋದೆಯಲ್ಲ, ಅದನ್ನು ಎಷ್ಟು ಸಲ ಓದಿದೆನೋ.

ಈಗ ಕೆಲಸ. ಬಿಳಿ ದಾರದ್ದು ಬೇಡ. ಬಣ್ಣ ಚೆನ್ನಾಗಿದೆ, ಮೂಗಿಗೂ ಪರವಾಗಿಲ್ಲ, ಆದರೆ ಬಾಯಲ್ಲಿ ಪಾನಕ. ಐಸ್ ಕರಗಿದ ಮೇಲೆ ಸಕ್ಕರೆ ನೀರು ಮಾತ್ರ ಉಳಿಯುತ್ತದೆ. ನೀಲಿ ದಾರದ್ದು ಒಂಟಿಯಾಗಿ ಕುಡಿದರೆ ಬಲು ಸೊಗಸು. ಕಿತ್ತಳೆ, ದಾಲ್ಚಿನ್ನಿ, ಒಣದ್ರಾಕ್ಷಿಯ ಹಾಗೆ ಏನೋ ಒಂದು ಮೆತ್ತಗೆ. ಆದರೆ ಜಿನ್ ಮತ್ತು ಕಹಿ ಮದ್ಯದ ಜತೆ ಸಮಪಾಲು ಬೆರೆಸಿದಾಗ ಎಲ್ಲೋ ಕಳೆದುಹೋಯಿತು, ದೊಡ್ಡವರ ಮಾತಿನ ನಡುವೆ ಮಗುವಿನ ಹಾಗೆ. ಕೆಂಪು ದಾರದ್ದಕ್ಕೆ ಬೆನ್ನುಮೂಳೆ ಇದೆ. ವಿಸ್ಕಿಯ ಜತೆ ನಿಂತು ಮಾತಾಡುತ್ತದೆ, ಕೂಗುವುದಿಲ್ಲ. ಒಂಟಿಯಾಗಿ ಕುಡಿದರೆ ಮಾತ್ರ ಕೊನೆಯಲ್ಲಿ ಒಂದು ಒಗರು. ಬಲಿಯದ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಮಡಿಚಿಕೊಳ್ಳುತ್ತದಲ್ಲ, ಆ ಒಗರು. ಬೇರನ್ನು ಸ್ವಲ್ಪ ಕಮ್ಮಿ ಹೊತ್ತು ನೆನೆಸಿದರೆ ಹೋದೀತೇ?

ಕೆಂಪು ಮುಕ್ಕಾಲು, ನೀಲಿ ಕಾಲು ಸೇರಿಸಿ ನಿಂಬೆಗೆ ಕೊಟ್ಟೆ. ಅವನ ಮುಖ ಸಡಿಲವಾಯಿತು. ಅಂಥದ್ದು ನಾವು ಯಾರೂ ನೋಡಿರಲಿಲ್ಲ.

ಡಾಕ್ಟರ ಹತ್ತಿರ ಹೋದೆಯಾ?

ಸಣ್ಣಿ


೧೪ ಜೂನ್

ಸಣ್ಣಿಗೆ,

ಬಾಳೆಕಾಯಿಯ ಒಗರು ಅಂದೆಯಲ್ಲ, ಸಾಕು, ನನಗೆ ನಾಲಿಗೆಯ ಮೇಲೇ ಬಂತು. ಬೇರು ಬೇಗ ತೆಗೆದೆ. ಮುಕ್ಕಾಲು ಕಾಲು ನಿನ್ನ ಲೆಕ್ಕವೇ ಇಟ್ಟುಕೊಂಡಿದ್ದೇನೆ. ಇನ್ನೊಂದು ಸುತ್ತು ಸೀಸೆಗಳನ್ನು ಕಳಿಸಿದ್ದೇನೆ. ಇಷ್ಟು ವರ್ಷ ನಾನು ಗ್ಲಾಸಿನಲ್ಲಿ ಮೂಸುತ್ತಿದ್ದೆ, ಈಗ ನಿನ್ನ ಅಕ್ಷರದಲ್ಲಿ ಮೂಸುತ್ತೇನೆ.

ಮೂಗಿನ ಡಾಕ್ಟರು ಟಾರ್ಚು ಹಾಕಿ ನೋಡಿ, ಮೂಗಿನಲ್ಲಿ ಏನೂ ಇಲ್ಲ, ತಲೆಯ ಡಾಕ್ಟರ ಹತ್ತಿರ ಹೋಗಿ ಅಂದರು. ಅಲ್ಲಿಗೂ ಹೋದೆ. ಆ ಹುಡುಗ ಡಾಕ್ಟರು ಒಂದು ಹಾಳೆ ಕೊಟ್ಟು, "ಅಮ್ಮಾ, ಒಂದು ಗಡಿಯಾರ ಬರೀರಿ" ಅಂದ. "ನಾನೇನು ಶಾಲೆ ಸೇರೋಕೆ ಬಂದಿದೀನೇನಪ್ಪ?" ಅಂದೆ. ನಕ್ಕ. ಬರೆದೆ. ಅಂಕಿಗಳೆಲ್ಲ ಒಂದೇ ಕಡೆ ಬಂದು ಕೂತವು. ಯಾಕೆ ಹಾಗಾಯಿತೋ. ಅವನು ನಗುವುದನ್ನು ನಿಲ್ಲಿಸಿದ.

ಕೆಲವರಿಗೆ ವಾಸನೆ ಮೊದಲು ಹೋಗುತ್ತದಂತೆ. ಆಮೇಲೆ ಮರೆವು. ಅದಕ್ಕೊಂದು ಉದ್ದದ ಹೆಸರಿದೆ. ನಾನು ಬರೆದುಕೊಳ್ಳಲಿಲ್ಲ.

ನಿನ್ನ ಜತೆ ಬಾರಿನಲ್ಲಿ ಇನ್ನೊಬ್ಬರು ಯಾರಾದರೂ ಇದ್ದಾರಾ? ಒಬ್ಬಳೇ ಹೇಗೆ ಸಂಭಾಳಿಸುತ್ತೀ?

ಅಮ್ಮ


೨೨ ಜೂನ್

ಅಮ್ಮ,

ನಿಂಬೆ ಇದ್ದಾನೆ. ಹುಳಿ ಮುಖದವನು, ನನ್ನ ಪಾಲುದಾರ. ಒಬ್ಬಳೇ ಇಲ್ಲ.

ಈ ಸಲದ ಸೀಸೆಗಳಿಗೆಲ್ಲ ಕೆಂಪು ದಾರವೇ ಇದೆ. ಪರವಾಗಿಲ್ಲ, ನಾನು ಮೂಸಿ ಬೇರೆ ಬೇರೆ ಮಾಡಿಕೊಂಡೆ. ಉದ್ದ ಕತ್ತಿನ ಸೀಸೆಯದು ಸರಿಯಾಗಿದೆ. ಪಿಯಾನೊ ರಿಪೇರಿಯವರಿಗೆ ಐಸ್ ಹಾಕಿ ಕೊಟ್ಟೆ. ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು. ಅದನ್ನೇ ಪೀಪಾಯಿಗೆ ಹಾಕಿಸು.

ನಾನು ಒಂದು ವಾರ ಬಂದು ಹೋಗಲಾ?

ಸಣ್ಣಿ


೯ ಜುಲೈ

ಸಣ್ಣಿಗೆ,

ಹದ ಮುಗಿಯಿತು. ಪೀಪಾಯಿಗೆ ತುಂಬಿದ್ದಾರೆ. ಯಜಮಾನರು ಕುಡಿದು ನೋಡಿ, ನಿಮ್ಮ ಕೈ ತಿರುಗಿ ಬಂತು ಅಂದರು. ಕೈಯಲ್ಲ, ಮಗಳ ಮೂಗು ಅಂದೆ. ಹಾಗಾದರೆ ಮಗಳನ್ನೇ ಕರೆಸಿ, ರುಚಿಕೋಣೆ ಅವಳಿಗೇ ಅಂದರು. ನಾನು ಬಾ ಅನ್ನುವುದಿಲ್ಲ. ನಿನ್ನ ಬಾರು ನೀನು ಬೆವರು ಸುರಿಸಿ ಕಟ್ಟಿದ್ದು. ಬರಬೇಡ ಅಂತಲೂ ಅನ್ನುವುದಿಲ್ಲ.

ಮೊನ್ನೆ ಕಾರ್ಖಾನೆಯಿಂದ ಬರುತ್ತಾ ಯಾವುದೋ ಬೀದಿಗೆ ಹೋಗಿಬಿಟ್ಟೆ. ಮನೆಗಳೆಲ್ಲ ಗುರುತಿನವೇ, ಆದರೆ ಯಾವುದೂ ನನ್ನದಲ್ಲ. ಮೇಸ್ತ್ರಿ ಎದುರು ಬಂದ. ದಾರಿ ತಪ್ಪಿಲ್ಲ, ಸುಮ್ಮನೆ ಒಂದು ಸುತ್ತು ಹೊರಟೆ ಅಂದೆ. "ಹೌದಾ ಅಮ್ಮ, ನಾನೂ ಸುತ್ತೋಕೇ ಬಂದೆ, ಬನ್ನಿ ಒಟ್ಟಿಗೆ ಹೋಗೋಣ" ಅಂದ. ಮನೆ ಬಾಗಿಲ ತನಕ ಬಂದು ಬಿಟ್ಟು ಹೋದ.

ಅಮ್ಮ


೧೭ ಜುಲೈ

ಅಮ್ಮ,

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಒಂದು ವಾರಕ್ಕಲ್ಲ. ಬಾರನ್ನು ನಿಂಬೆ ನೋಡಿಕೊಳ್ಳುತ್ತಾನೆ. ನೀನು ಬಸ್ ನಿಲ್ದಾಣಕ್ಕೆ ಬರಬೇಡ, ಮನೆಯಲ್ಲೇ ಇರು.

ಸಣ್ಣಿ


ಮರುವರ್ಷ, ೧೧ ಜನವರಿ

ಸಣ್ಣಿಗೆ,

ನಿನ್ನಿಂದ ಕಾಗದವೇ ಇಲ್ಲ. ಬಾರಿನಲ್ಲಿ ಕೆಲಸ ಹೆಚ್ಚಿರಬೇಕು. ನಾನು ಚೆನ್ನಾಗಿದ್ದೇನೆ.

ಇಲ್ಲಿ ಒಬ್ಬರು ಬಂದು ಇದ್ದಾರೆ. ಕಾರ್ಖಾನೆಯವರು ಕಳಿಸಿರಬೇಕು. ನನ್ನ ರುಚಿಕೋಣೆಯಲ್ಲಿ ಈಗ ಅವರೇ ಕೂರುತ್ತಾರಂತೆ. ಮೊದಮೊದಲು ನನಗೆ ಹಿಡಿಸಲಿಲ್ಲ. ಆದರೆ ಒಳ್ಳೆಯ ಹುಡುಗಿ. ತಲೆ ಬಾಚುತ್ತಾರೆ, ಹಾಲು ಉಕ್ಕದ ಹಾಗೆ ನೋಡಿಕೊಳ್ಳುತ್ತಾರೆ. ಸಂಜೆ ಕಾರ್ಖಾನೆಯಿಂದ ಬಂದು ಅವತ್ತು ಏನೇನು ಮೂಸಿದೆ ಅಂತ ಒಂದೊಂದೇ ಬಿಡಿಸಿ ಹೇಳುತ್ತಾರೆ. ಸೊಗಸಾಗಿ ಹೇಳುತ್ತಾರೆ, ನನಗೆ ಕಿತ್ತಳೆ ಕಂಡ ಹಾಗೇ ಆಗುತ್ತದೆ.

ನಿನ್ನೆ ಅವರಿಗೆ ಹೇಳಿದೆ, ನಿಮ್ಮ ಮೂಗು ಚೆನ್ನಾಗಿದೆ, ಆದರೆ ನನ್ನ ಮಗಳ ಮೂಗು ಇದೆಯಲ್ಲ, ಅಂಥದ್ದು ನಾನು ಈ ಕಸುಬಿನಲ್ಲಿ ಇನ್ನೊಂದು ನೋಡಿಲ್ಲ ಅಂತ. ನನಗಿಂತ ಮೇಲಾಗುತ್ತಾಳೆ ಅಂತ ಮೊದಲ ದಿನವೇ ಗೊತ್ತಾಗಿ, ನನಗೆ ಹೊಟ್ಟೆಕಿಚ್ಚಾಗಿತ್ತು ಅಂತ. ಅವರು ಎದ್ದು ಒಳಗೆ ಹೋಗಿಬಿಟ್ಟರು. ಬೇಜಾರಾಯಿತೋ ಏನೋ. ಪರರ ಮುಂದೆ ಮನೆ ಮಕ್ಕಳನ್ನು ಹೊಗಳಬಾರದು, ತಪ್ಪು ನನ್ನದೇ.

ನೀನು ಬಂದರೆ ಅವರ ಜತೆ ಜಗಳವಾಡಬೇಡ. ಅವರಿಗೆ ಬೇರೆ ಎಲ್ಲೂ ಯಾರೂ ಇದ್ದ ಹಾಗಿಲ್ಲ. ಯಾವಾಗ ಬರುತ್ತೀ?

ಅಮ್ಮ


೨೦ ಜನವರಿ

ನಿಂಬೆ,

ಅಮ್ಮನ ಕಾಗದವನ್ನು ಇಲ್ಲಿಗೆ ತಿರುಗಿ ಕಳಿಸಿದ್ದಕ್ಕೆ ಉಪಕಾರವಾಯಿತು. ವಿಳಾಸ ಹೇಗೆ ತಪ್ಪಿತು ಅಂತ ಕೇಳಿದ್ದೀಯ. ತಪ್ಪಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಅವಳು ಊಟದ ಮೇಜಿನ ಮುಂದೆ ಕೂತು ಬರೆದದ್ದು. ಲಕೋಟೆ ಅಂಟಿಸಿ ತಂದು ನನ್ನ ಕೈಗೇ ಕೊಟ್ಟಳು. "ನಿಮಗೆ ತೊಂದ್ರೆ ಇಲ್ದಿದ್ರೆ ಇದನ್ನ ಡಬ್ಬಕ್ಕೆ ಹಾಕ್ತೀರಾ? ನನ್ನ ಮಗಳಿಗೆ" ಅಂದಳು. ನಿಂಬೆ, ಅವಳು ನನಗೆ ನೀವು ಅಂದಳು. ಬೀದಿ ಕೊನೆಯ ತನಕ ಹೋಗಿ ಹಾಕಿ ಬಂದೆ. ಒಡೆದು ಓದಲು ನನಗೆ ಹಕ್ಕಿಲ್ಲ ಅನ್ನಿಸಿತು. ಬರೆದದ್ದು ಅಲ್ಲಿರುವ ಮಗಳಿಗೆ ತಾನೆ?

ಇದರೊಳಗೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಅಲ್ಲಿಂದಲೇ ಅಂಚೆಗೆ ಹಾಕು. ಅವಳು ಲಕೋಟೆಯ ಮೇಲೆ ಯಾವ ಊರಿನ ಮೊಹರಿದೆ ಅಂತ ನೋಡುತ್ತಾಳೆ.

ನಿನ್ನ ಪಾಲುದಾರಳು


೨೦ ಜನವರಿ

ಅಮ್ಮ,

ನಿನ್ನ ಕಾಗದ ಸಿಕ್ಕಿತು. ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನಿಂಬೆಯೂ ಚೆನ್ನಾಗಿದ್ದಾನೆ. ಪಿಯಾನೊ ರಿಪೇರಿಯವರು ದಿನವೂ ಬಂದು ನಮ್ಮ ಹದವನ್ನೇ ಕೇಳುತ್ತಾರೆ.

ಆ ಹುಡುಗಿಯ ಜತೆ ನಾನೇಕೆ ಜಗಳವಾಡಲಿ? ನೀನು ಹೇಳಿದ ಮಾತಿಗೆ ಅವಳಿಗೆ ಬೇಜಾರಾಗಿರುವುದಿಲ್ಲ. ಅವಳು ಒಳಗೆ ಹೋಗಿ ಏನು ಮಾಡಿದಳು ಅಂತ ನನಗೆ ಗೊತ್ತು. ಮುಖ ತೊಳೆದುಕೊಂಡು, ಮತ್ತೆ ಬಂದು ನಿನ್ನ ಪಕ್ಕದಲ್ಲೇ ಕೂತಿರುತ್ತಾಳೆ.

ಅವಳು ಮಾತ್ರೆ ಕೊಟ್ಟರೆ ತೆಗೆದುಕೋ, ಕೆನ್ನೆಯೊಳಗೆ ಅಡಗಿಸಿಡಬೇಡ. ಬಾಗಿಲಿಗೆ ಚಿಲಕ ಹಾಕಿದಳು ಅಂತ ಕೋಪ ಮಾಡಿಕೊಳ್ಳಬೇಡ, ಹೊರಗೆ ಚಳಿ ಇದೆ. ಅವಳ ಕೈ ಹಿಡಿದುಕೊಂಡು ಕೂತರೆ ಏನೂ ತಪ್ಪಿಲ್ಲ, ಪರರು ಅಂತ ಸಂಕೋಚಪಡಬೇಡ.

ಯಾವಾಗ ಬರುತ್ತೀ ಅಂತ ಕೇಳಿದ್ದೀಯ. ಬರುತ್ತೇನೆ ಅಮ್ಮ, ಬೇಗ ಬರುತ್ತೇನೆ. ಅಲ್ಲಿಯ ತನಕ ನನಗೆ ಏನು ಹೇಳಬೇಕು ಅನ್ನಿಸಿದರೂ ಅವಳ ಹತ್ತಿರ ಹೇಳು. ಅವಳು ನನಗೆ ತಲುಪಿಸುತ್ತಾಳೆ.

ನಿನ್ನ
ಸಣ್ಣಿ